ಸೀಟಿಗೆ ಕವರು, ನಾಯಿಗೆ ದೇವರು

ನಿಜ ಹೇಳಿ, ನಿಮ್ಮ ಕಾರಿನ ಸೀಟಿಗೆ ಶೋರೂಮಿನವರು ಹಾಕಿ ಕೊಟ್ಟ ಪ್ಲಾಸ್ಟಿಕ್ ಹಾಳೆ ತೆಗೆದಿದ್ದು ಯಾವಾಗ? ಆಯುಧಪೂಜೆ ಆಗ್ಲಿ ಅಂತ ಕಾದ್ರಿ. ಆಮೇಲೆ ಯುಗಾದಿ ಕಳೀಲಿ ಅಂದ್ರಿ. ಕೂತೋರ ಬೆನ್ನು ಬೆವತು, ಎದ್ದಾಗ ಪರಪರ ಸದ್ದು ಬಂದ್ರೂ ನೀವು ಜಗ್ಗಲಿಲ್ಲ. (ಸನ್‌ವೈಸರಿನ ಮೇಲೆ ಆ ಹಾಳೆ ಇನ್ನೂ ಇದೆ. ಇಲ್ಲ ಅಂತ ತಲೆ ಅಲ್ಲಾಡಿಸಬೇಡಿ, ಹೋಗಿ ನೋಡ್ಕೊಂಡು ಬನ್ನಿ.)

ಅದೇ ಕಾರಲ್ಲಿ ಮಗ ಚಿಪ್ಸ್ ಪ್ಯಾಕೆಟ್ ಒಡೆದ್ರೆ ಗದರಿದ್ದೀರಿ. ಭಾವಮೈದ ಚಪ್ಪಲಿ ಕೊಡವದೆ ಹತ್ತಿದ ಅಂತ ಊರು ಮುಟ್ಟೋ ತನಕ ಮುಖ ಊದಿಸ್ಕೊಂಡಿದ್ದೀರಿ. ಅತ್ತೆಯವರ ಉಪ್ಪಿನಕಾಯಿ ಜಾಡಿ ಡಿಕ್ಕಿಯಲ್ಲಿ ಬೇಡ, ಮಡಿಲಲ್ಲೇ ಇಟ್ಕೊಳ್ಳಿ ಅಂದಿದ್ದೂ ನೀವೇ. ಅಂಥ ನಿಮ್ಮ ಹಿಂದಿನ ಸೀಟಲ್ಲಿ ಈಗ ಕಾಲು ಚಾಚಿ ಮಲಗಿರೋದು ಯಾರು? ಮೂವತ್ತು ಕಿಲೋ ತೂಕದ ಲ್ಯಾಬ್ರಡಾರು, ಜೊಲ್ಲು ಸಮೇತ!

"ತಂದಾಗ ಇಷ್ಟೇ ಇಷ್ಟಿತ್ತು ಕಣ್ರೀ" ಅಂತೀರಿ. ಗೊತ್ತು ಬಿಡಿ. ಎರಡು ತಿಂಗಳ ಮರಿ ಮೊರದಲ್ಲಿ ಹಿಡಿಸುತ್ತೆ. ಬೆಳೆದ ಮೇಲೆ ಲ್ಯಾಬ್ ಅಂದ್ರೆ 25ರಿಂದ 36 ಕಿಲೋ, ಗಂಡು ಜರ್ಮನ್ ಶೆಫರ್ಡ್ ಆದ್ರೆ 40ರ ತನಕ, ಗ್ರೇಟ್ ಡೇನ್ ಆದ್ರೆ ನಿಮ್ಮ ತೂಕಕ್ಕೇ ಸವಾಲು. ಕಾರು ಕೊಳ್ಳುವಾಗ ಮೈಲೇಜ್ ಕೇಳಿದ್ರಿ, ಸನ್‌ರೂಫ್ ಕೇಳಿದ್ರಿ. ಹಿಂದಿನ ಬಾಗಿಲಲ್ಲಿ ಈ ಆಸಾಮಿ ತೂರುತ್ತಾ ಅಂತ ಕೇಳಿದ್ರಾ?

ಮುಧೋಳ ಸಾಕಿರೋರು ಇಲ್ಲಿ ಮೀಸೆ ತಿರುವ್ತಿದ್ದೀರಿ, ನನಗೆ ಕಾಣಿಸ್ತಿದೆ. "ನಮ್ದು ಗಿಡ್ಡ ಕೂದಲು, ಉದುರೋದೇ ಗೊತ್ತಾಗಲ್ಲ!" ಗಿಡ್ಡ ಅನ್ನೋದು ನಿಜ. ಆದ್ರೆ ಗಿಡ್ಡ ಕೂದಲು ಸೀಟಿನ ಬಟ್ಟೆಯೊಳಗೆ ಚುಚ್ಚಿಕೊಂಡು ಕೂತ್ರೆ ಉದ್ದ ಕೂದಲಿಗಿಂತ ಹಠಮಾರಿ. (2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಅದು. ಅಂಟಿಕೊಳ್ಳೋದು ಹೊಸದೇನಲ್ಲ.)

ನಾಯಿ ಜೊತೆ ವಾಹನ ಹತ್ತೋ ತಕರಾರು ನಿಮ್ಮಿಂದ ಶುರುವಾಗಿದ್ದಲ್ಲ, ಧೈರ್ಯ ತಗೊಳ್ಳಿ. ಮಹಾಭಾರತದ ಕೊನೆಗೆ ಇಂದ್ರ ರಥ ತಂದು ನಿಲ್ಲಿಸಿ ಹತ್ತಪ್ಪಾ ಅಂದ, ನಾಯಿ ಮಾತ್ರ ಬೇಡ ಅಂದ. ನಾಯಿ ಬಿಟ್ಟು ಬರೋನಲ್ಲ ಅಂತ ಧರ್ಮರಾಯ ಪಟ್ಟು ಹಿಡಿದ. ಪಂಡಿತರು ಇದಕ್ಕೆ ಏನೇ ಅರ್ಥ ಹೇಳ್ಲಿ, ಇಎಂಐ ಕಟ್ತಿರೋರಿಗೆ ಮಾತ್ರ ಇಂದ್ರನ ಸಂಕಟ ತಟ್ಟನೆ ಅರ್ಥ ಆಗುತ್ತೆ. (ರಥ ಆಗಷ್ಟೇ ಪಾಲಿಶ್ ಆಗಿತ್ತೋ ಏನೋ.)

2022ರಲ್ಲಿ ಬಂದ '777 ಚಾರ್ಲಿ' ಸಿನಿಮಾದ ನಾಯಕನ ಹೆಸರೂ ಧರ್ಮನೇ. ಅವನು ಜಾಣ, ಚಾರ್ಲಿಯನ್ನ ಸೈಡ್‌ಕಾರ್ ಇದ್ದ ಬೈಕಲ್ಲಿ ಕರ್ಕೊಂಡು ಹೋದ. ಸೀಟ್ ಕವರಿನ ಗೊಡವೆಯೇ ಇಲ್ಲ! ನೀವು ಥಿಯೇಟರಲ್ಲಿ ಕರ್ಚೀಫು ಒದ್ದೆ ಮಾಡ್ಕೊಂಡು, ಮಾರನೇ ವಾರ ಲ್ಯಾಬ್ ಮರಿ ಹುಡುಕೋಕೆ ಹೊರಟ್ರಿ. ಸೈಡ್‌ಕಾರ್ ಸೀನು ಬಂದಾಗ ಪಾಪ್‌ಕಾರ್ನ್ ತರೋಕೆ ಹೋಗಿದ್ರಾ?

ಸರಿ, ಆಗಿದ್ದಾಯ್ತು. ಲಾಂಗ್ ವೀಕೆಂಡು, ಸಕಲೇಶಪುರದ ಹೋಂಸ್ಟೇ ಬುಕ್ ಆಗಿದೆ, "ಪೆಟ್ ಫ್ರೆಂಡ್ಲಿ" ಅಂತ ಬೋರ್ಡೂ ಇದೆ. ರೈಲಲ್ಲಿ ಹೋಗೋಣ ಅಂದ್ರೆ ಫಸ್ಟ್ ಎಸಿಯ ಇಡೀ ಕೂಪೆ ಬೇಕು, ಇಲ್ಲಾಂದ್ರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ಅದನ್ನ ಒಪ್ಪೋ ಜನಾನಾ ನೀವು? ಹಾಗಾಗಿ ಕಾರೇ ಗತಿ. ಬೆಂಗಳೂರಿಂದ 220 ಕಿಲೋಮೀಟರ್ ದಾರಿ, ಹಿಂದೆ ರಾಜಾಧಿರಾಜರ ಸವಾರಿ.

ಮೊದಲು ಹಾಸೋ ವಿಚಾರ. ಹಳೇ ಬೆಡ್‌ಶೀಟ್ ಹಾಸಿದ್ರಿ. ನೆಲಮಂಗಲ ಟೋಲ್ ಬರೋದ್ರೊಳಗೆ ಅದು ಮುದುರಿ ಮೂಲೆ ಸೇರ್ತು. ಕಂಬಳಿ ಹಾಸಿದ್ರಿ. ಉಣ್ಣೆಯೊಳಗೆ ಹೊಕ್ಕ ನಾಯಿ ಕೂದಲು ಈ ಜನ್ಮದಲ್ಲಿ ಹೊರಗೆ ಬರಲ್ಲ. ಇನ್ನು ಮನೇಲಿರೋ ನವಲಗುಂದದ ಜಮಖಾನದ ಮೇಲೆ ಕಣ್ಣು ಹಾಕಿದ್ದೀರಿ. ದಮ್ಮಯ್ಯ, ಅದನ್ನ ಮಾತ್ರ ಬಿಟ್ಟುಬಿಡಿ, ಜಿಐ ಟ್ಯಾಗ್ ಇರೋ ಕೈಮಗ್ಗದ ಮಾಲು!

ಬೇಕಾಗಿರೋದು ಹ್ಯಾಮಕ್ ಕವರು. ಮುಂದಿನ ಸೀಟಿನ ಹೆಡ್‌ರೆಸ್ಟಿಗೆ ಎರಡು ಪಟ್ಟಿ, ಹಿಂದಿನದಕ್ಕೆ ಎರಡು ಪಟ್ಟಿ, ನಡುವೆ ನಾಯಿಗೊಂದು ತೊಟ್ಟಿಲು. ಬ್ರೇಕ್ ಹಾಕಿದಾಗ ಅದು ಕಾಲಿಡೋ ತಗ್ಗಿಗೆ ಜಾರಲ್ಲ. ಮುಂದಿನ ಸೀಟಿನ ಬೆನ್ನಿಗೆ ಉಗುರೂ ತಾಗಲ್ಲ. ಮೇಲೆ ಅಜ್ಜಿ ಹೊಲಿದ ಹಳೇ ಕೌದಿ ಹಾಸಿ. ಹತ್ತಿ ಬಟ್ಟೆ, ಕಾಲಿಗೆ ಹಿಡಿತ ಸಿಗುತ್ತೆ, ಒಗೆದು ಒಣಗಿಸಬಹುದು. (ಹುಬ್ಬಳ್ಳಿ ಕಡೆ ನೆಂಟರು ಇಲ್ಲದೋರು ದಪ್ಪನೆ ಹತ್ತಿ ಟವಲ್ಲಿಗೆ ತೃಪ್ತಿಪಟ್ಕೊಳ್ಳಿ.)

ಕವರ್ ಕೊಳ್ಳುವಾಗ ನೀವು ನೋಡಿದ್ದು ಎರಡೇ: ಬಣ್ಣ ಮತ್ತು ಡಿಸ್ಕೌಂಟು. ಹೌದೋ ಅಲ್ವೋ? ನೋಡಬೇಕಾದ್ದು ಬೇರೆ. ಸೀಟಿನ ಸಂದಿಗೆ ತುರುಕೋ ಗೂಟ ಇದೆಯಾ? ಕೆಳಗೆ ಜಾರದ ಹಾಗೆ ರಬ್ಬರ್ ಚುಕ್ಕಿ ಇದೆಯಾ? ಬಾಗಿಲ ಕಡೆ ಇಳಿಬಿಡೋ ಕಿವಿ ಇದೆಯಾ? ಬೆಲ್ಟಿನ ಬಕಲ್ ಹೊರಗೆ ಬರೋಕೆ ಸೀಳು ಇದೆಯಾ?

"ವಾಟರ್‌ಪ್ರೂಫ್" ಅಂತ ಬರೆದಿದ್ದನ್ನ ನಂಬಿ ಬಿಟ್ರಿ ಅಲ್ವಾ? ಬಟ್ಟೆ ನೀರು ತಡೆಯುತ್ತೆ, ಸೋರೋದು ಹೊಲಿಗೆ. ಹೊರಡೋ ಹಿಂದಿನ ದಿನ ಕವರನ್ನ ಬಾತ್‌ರೂಮಲ್ಲಿ ಎತ್ತಿ ಹಿಡಿದು ಒಂದು ಚೊಂಬು ನೀರು ಸುರೀರಿ. ಐದು ನಿಮಿಷ ಬಿಟ್ಟು ಅಡಿಗೆ ಕೈ ಆಡಿಸಿ. ಹೋಂಸ್ಟೇ ರಿವ್ಯೂ ಓದೋಕೆ ರಾತ್ರಿ ಒಂದು ಗಂಟೆ ತನಕ ಎದ್ದಿರೋರಿಗೆ ಇದಕ್ಕೆ ಐದು ನಿಮಿಷ ಸಿಗಲ್ವೇ?

ಇನ್ನು ಕೂದಲು. ಲ್ಯಾಬ್, ಶೆಫರ್ಡ್, ಗೋಲ್ಡನ್ ಇವಕ್ಕೆಲ್ಲ ಎರಡು ಪದರದ ಕೂದಲು, ಮೇಲೆ ಒರಟು, ಒಳಗೆ ಮೆತ್ತಗೆ. ಕಾರಿಗೆ ತೊಂದರೆ ಕೊಡೋದು ಹೆಚ್ಚಾಗಿ ಆ ಒಳಗಿನದು. ಹಿಂದಿನ ಸಂಜೆ ಅಂಗಳದಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಾಚಿದ್ರೆ ಸೀಟಿನ ಮೇಲೆ ಉದುರಬೇಕಾದ್ದು ಅಲ್ಲೇ ಉದುರುತ್ತೆ. ಆದ್ರೆ ಆ ಸಂಜೆ ನೀವೇನು ಮಾಡ್ತಿದ್ರಿ? ಅದಕ್ಕೆ ಕೂಲಿಂಗ್ ಗ್ಲಾಸ್ ಹಾಕಿ ಫೋಟೋ ತೆಗೀತಿದ್ರಿ.

ಬಿದ್ದ ಕೂದಲಿಗೂ ಮದ್ದಿದೆ. ಪಾತ್ರೆ ತೊಳೆಯೋ ರಬ್ಬರ್ ಕೈಗವಸು ಸ್ವಲ್ಪ ಒದ್ದೆ ಮಾಡಿ ಸೀಟಿನ ಮೇಲೆ ಒಂದೇ ದಿಕ್ಕಿಗೆ ಎಳೀರಿ, ಕೂದಲು ಉಂಡೆ ಕಟ್ಟಿ ಬರುತ್ತೆ. ವ್ಯಾಕ್ಯೂಮ್ ಆಮೇಲೆ. ಕರೀ ಲ್ಯಾಬ್ ಇಟ್ಕೊಂಡು ಬೀಜ್ ಬಣ್ಣದ ಸೀಟು ಆರಿಸಿದೋರೂ ಬಿಳೀ ನಾಯಿ ಇಟ್ಕೊಂಡು ಕರೀ ಸೀಟು ಆರಿಸಿದೋರೂ ಎರಡು ಸಲ ಎಳೀರಿ. (ಬಣ್ಣ ಆರಿಸಿದ್ದು ಹೆಂಡತಿ ಅಂತೀರಾ? ನಾಯಿ ಆರಿಸಿದ್ದು ಯಾರು?)

ಲೆದರ್ ಸೀಟಿನೋರು ನಗಬೇಡಿ. ಕೂದಲು ಅಂಟಲ್ಲ, ಸರಿ. ಆದ್ರೆ ನಾಯಿ ಕಾರು ಹತ್ತೋದು ಉಗುರೂರಿ. ತಿರುವಲ್ಲಿ ಜಾರಿದಾಗ ಅದಕ್ಕಿರೋ ಆಧಾರವೂ ಉಗುರೇ. ಹೊರಡೋಕೆ ಎರಡು ದಿನ ಮುಂಚೆ ಉಗುರು ಕತ್ತರಿಸಿ ತುದಿ ಉಜ್ಜಿ. ಹಿಂದಿನ ದಿನ ಕತ್ತರಿಸಿದ್ರೆ ತುದಿ ಚೂಪಾಗಿಯೇ ಇರುತ್ತೆ.

ಹೊರಟಾಯ್ತು. ಈಗ ನಿಮ್ಮ ಅಚ್ಚುಮೆಚ್ಚಿನ ಕಾರ್ಯಕ್ರಮ: ಕಿಟಕಿ ಇಳಿಸೋದು. ನಾಯಿ ತಲೆ ಹೊರಗೆ, ಕಿವಿ ಗಾಳಿಗೆ, ನಾಲಿಗೆ ಒಂದು ಕಡೆಗೆ, ನಿಮ್ಮ ಮೊಬೈಲು ರೀಲ್ಸ್ ಕಡೆಗೆ. ಚೆಂದವೇನೋ ಹೌದು. ಆದ್ರೆ ಎಂಬತ್ತರ ವೇಗದಲ್ಲಿ ಬಂದು ಬಡಿಯೋ ಒಂದು ಕಲ್ಲಿನ ಚೂರು, ಒಂದು ಜೀರುಂಡೆ ಸಾಕು, ಕಣ್ಣಿಗೆ ಗಾಯ ಆಗೋಕೆ. ಮಗ ತಲೆ ಹೊರಗೆ ಹಾಕಿದ್ರೆ ತಲೆ ಮೇಲೆ ಮೊಟಕ್ತೀರಿ, ಇದಕ್ಕೆ ಹಿನ್ನೆಲೆ ಸಂಗೀತ ಹಾಕ್ತೀರಿ!

ಮೂಗು ಹಾಕೋಷ್ಟು ಸಂದಿ ಬಿಡಿ, ಸಾಕು. ಅದಕ್ಕೆ ಬೇಕಾಗಿರೋದು ವಾಸನೆ, ನಿಮ್ಮ ವ್ಯೂಸ್ ಅಲ್ಲ. ಪವರ್ ವಿಂಡೋ ಲಾಕ್ ಒತ್ತಿಡಿ, ಅದರ ಪಾದ ನಿಮ್ಮ ಬೆರಳಿಗಿಂತ ಚುರುಕು. ಗಾಜಿಗೆ ಹತ್ತಿದ ಜೊಲ್ಲು ಒಣಗೋ ಮುಂಚೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಒಣಗಿತೋ, ನೀರಿಗೆ ತುಸು ವಿನೆಗರ್ ಬೇಕು.

ಮುಂದಿನ ಸೀಟಲ್ಲಿ ಕೂರಿಸ್ಕೊಂಡೋರು ಯಾರಾದ್ರೂ ಇದ್ದೀರಾ? ಏರ್‌ಬ್ಯಾಗ್ ಇರೋ ಜಾಗ ಅದು. ಮನುಷ್ಯರ ಅಳತೆಗೆ ಮಾಡಿದ್ದು, ಮೂತಿಗೆ ಬಡಿದ್ರೆ ನಾಯಿಗೆ ಉಳಿಗಾಲ ಇಲ್ಲ. ಸ್ಟೀರಿಂಗ್ ಹಿಂದೆ ಮಡಿಲಲ್ಲೇ ಕೂರಿಸೋ ಪ್ರೇಮಿಗಳಿಗಂತೂ ಮೋಟಾರು ವಾಹನ ಕಾಯ್ದೆಯ 125ನೇ ಸೆಕ್ಷನ್ ಇದೆ. ಚಾಲಕನ ಹತೋಟಿಗೆ ಅಡ್ಡಿಯಾಗೋ ಹಾಗೆ ಯಾರನ್ನೂ ಕೂರಿಸೋ ಹಾಗಿಲ್ಲ, ಏನನ್ನೂ ಇಡೋ ಹಾಗಿಲ್ಲ. (ಕಾಯ್ದೆ 1988ರದ್ದು. ನಿಮ್ಮ ನಾಯಿ ಹುಟ್ಟೋಕೂ ಮುಂಚಿನದು, ವಾದ ಮಾಡಬೇಡಿ.)

ಈಗ ಸ್ವಲ್ಪ ಹತ್ತಿರ ಬನ್ನಿ, ಒಂದು ಗುಟ್ಟು ಕೇಳ್ತೀನಿ. ಸೀಟಿಗೆ ಕವರ್ ಹಾಕಿದ್ರಿ, ಬಾಗಿಲಿಗೆ ಕವರ್ ಹಾಕಿದ್ರಿ, ಡಿಕ್ಕಿಗೂ ಮ್ಯಾಟ್ ಹಾಕಿದ್ರಿ. ನಾಯಿಗೆ ಏನು ಹಾಕಿದ್ರಿ? ಬೆಲ್ಟ್ ಹಾಕಿದ್ರಾ? ಯಾಕ್ರೀ ಕಿಟಕಿ ಕಡೆ ನೋಡ್ತೀರಿ?

ಗೊತ್ತು, ಹಿಂದೆ ಕೂತ ಮನುಷ್ಯರೇ ಬೆಲ್ಟ್ ಹಾಕೋ ಅಭ್ಯಾಸ ನಿಮ್ಮನೇಲಿಲ್ಲ. ಬೀಪ್ ಬೀಪ್ ಸದ್ದು ನಿಲ್ಲಿಸೋಕೆ ಅಂಗಡೀಲಿ ಸಿಗೋ ಖಾಲಿ ಕೊಂಡಿ ತಂದು ತುರುಕಿದೋರು ನೀವು. ಲೆಕ್ಕ ಒಂದು ಹೇಳ್ತೀನಿ, ಕೇಳಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರೋ ಕಾರು ಗಕ್ಕನೆ ನಿಂತ್ರೆ, ಕಟ್ಟದೇ ಇರೋ ನಾಯಿ ಮುಂದಕ್ಕೆ ಅಪ್ಪಳಿಸೋ ರಭಸ ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದಷ್ಟು. ಅಂದ್ರೆ ಮೂರನೇ ಮಹಡಿಯ ತಾರಸಿಯಿಂದ ಮೂವತ್ತು ಕಿಲೋ ನಿಮ್ಮ ಕತ್ತಿನ ಮೇಲೆ!

ಹಾಗಾಗಿ ಎದೆಗೆ ಹಾಕೋ ಹಾರ್ನೆಸ್, ಅದರಿಂದ ಬಕಲ್ಲಿಗೆ ಗಿಡ್ಡ ಪಟ್ಟಿ. ಎದ್ದು ಕೂರೋಕೆ, ಮಲಗೋಕೆ, ಮಗ್ಗುಲು ಬದಲಿಸೋಕೆ ಆಗಬೇಕು. ಮುಂದಿನ ಸೀಟಿಗೆ ಮೂತಿ ಚಾಚೋಕೆ ಆಗಬಾರದು. ಕತ್ತಿನ ಕಾಲರಿಗೆ ಮಾತ್ರ ಕಟ್ಟಬೇಡಿ, ಬ್ರೇಕ್ ಬಿದ್ದಾಗ ಎಲ್ಲ ಎಳೆತ ಕುತ್ತಿಗೆಗೇ. ಇದರಲ್ಲಿ ನಿಮ್ಮ ಸ್ವಾರ್ಥವೂ ಇದೆ ಅನ್ನಿ. ಕಟ್ಟಿದ ನಾಯಿ ಆ ಕಿಟಕಿಯಿಂದ ಈ ಕಿಟಕಿಗೆ ಓಡಾಡಲ್ಲ, ಸೀಟಿನ ಅರ್ಧ ಗೀರು ಅಲ್ಲೇ ಉಳೀತು.

ಹೊಟ್ಟೆ ವಿಷಯಕ್ಕೆ ಬರೋಣ. "ದೂರ ಪ್ರಯಾಣ, ಪಾಪ ಹಸಿಯುತ್ತೆ" ಅಂತ ಹೊರಡೋ ಮುಂಚೆ ಒಂದು ಬಟ್ಟಲು ಮೊಸರನ್ನ ಹಾಕಿದ್ರಿ ಅಲ್ವಾ? ಅದು ಹಾಸನ ದಾಟಿ ಮುರುಕು ರಸ್ತೆ ಬರ್ತಿದ್ದ ಹಾಗೆ ವಾಪಸ್ ಬರುತ್ತೆ, ಬಟ್ಟಲಿಗಲ್ಲ. ಊಟ ಆಗಿ ಮೂರು ನಾಲ್ಕು ಗಂಟೆಯಾದ ಮೇಲೆ ಹೊರಡಿ, ದಾರೀಲಿ ನೀರು ಕೊಡಿ. ಮರಿಗಳಿಗೆ ಕಿವಿಯೊಳಗಿನ ಸಮತೋಲದ ಅಂಗ ಪೂರ್ತಿ ಬೆಳೆದಿರಲ್ಲ, ವಾಂತಿ ಜಾಸ್ತಿ. ಮೊದಲು ಬಡಾವಣೆ ಸುತ್ತ ಹತ್ತು ನಿಮಿಷ ಸುತ್ತಾಡಿಸಿ, ಶಿರಾಡಿ ಘಾಟ್ ಆಮೇಲೆ.

ಮೈಸೂರು ಕಡೆ ಹೊರಟೋರು ಮದ್ದೂರಲ್ಲಿ ನಿಲ್ಲಿಸೇ ನಿಲ್ಲಿಸ್ತೀರಿ. ವಡೆಯಲ್ಲಿ ಒಂದು ತುಂಡು "ಅದಕ್ಕೂ" ಹಾಕ್ತೀರಿ. ವಡೆ ತುಂಬಾ ಏನಿದೆ ಹೇಳಿ? ಈರುಳ್ಳಿ! ಹಸಿಯಾಗಲಿ ಬೆಂದಿದ್ದಾಗಲಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನ ಒಡೆಯುತ್ತೆ. ಅದು ನಿಮ್ಮನ್ನ ಆಸೆಯಿಂದ ನೋಡುತ್ತೆ, ನಿಜ. ಟೈರನ್ನೂ ಹಾಗೇ ನೋಡುತ್ತೆ.

ಎರಡು ಗಂಟೆಗೊಂದು ಸಲ ನಿಲ್ಲಿಸಿ ಅಂದ್ರೆ ನಿಮಗೆ ಸಿಟ್ಟು. "ಮೂರೂವರೆ ಗಂಟೇಲಿ ಸಕಲೇಶಪುರ ಮುಟ್ಟಿದೆ" ಅಂತ ಗ್ರೂಪಲ್ಲಿ ಹಾಕಬೇಕಲ್ಲ. ಬೆಳ್ಳೂರು ಕ್ರಾಸ್ ಹತ್ತಿರ ಪಕ್ಕಕ್ಕೆ ಹಾಕಿ, ಬೆಲ್ಟ್ ಬಿಚ್ಚೋ ಮುಂಚೆ ಹಗ್ಗ ಕೈಗೆ ಸುತ್ಕೊಳ್ಳಿ, ಕಾಲಾಡಿಸಿ, ಎಲ್ಲ ಮುಗಿಸಿ. ಅಲ್ಲೇ ಸಮೀಪ ಆದಿಚುಂಚನಗಿರಿಯ ಕಾಲಭೈರವ ಇದ್ದಾನೆ. ಅವನಿಗೆ ನಾಯಿ ವಾಹನ, ನಿಮ್ಮನೇಲಿ ನಾಯಿಗೆ ನೀವು ವಾಹನ. ಒಂದು ಕೈ ಮುಗಿದು ಹೊರಡಿ.

ಊಟದ ಹೊತ್ತು ಬಂತು. ಹೋಟೆಲಿನವರು ನಾಯಿ ಬೇಡ ಅಂದ್ರು. "ಐದೇ ನಿಮಿಷ, ನೆರಳಲ್ಲಿ ನಿಲ್ಲಿಸಿದ್ದೀನಿ, ಗಾಜು ಒಂಚೂರು ಇಳಿಸಿದ್ದೀನಿ" ಅಂತೀರಿ. ಈ ಗಾಜಿನ ನೆಪವನ್ನ ಅಮೆರಿಕದಲ್ಲಿ 2005ರಲ್ಲೇ ಒಂದು ಅಧ್ಯಯನ ಸುಳ್ಳು ಮಾಡಿದೆ. ಹೊರಗೆ ಹಿತವಾಗಿ 22 ಡಿಗ್ರಿ ಇದ್ದಾಗಲೂ ಬಿಸಿಲಿಗೆ ನಿಂತ ಕಾರಿನೊಳಗೆ ಒಂದು ಗಂಟೇಲಿ 47 ಡಿಗ್ರಿ ಹತ್ತಿರ ಹೋಗುತ್ತೆ, ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಗಾಜು ಒಂಚೂರು ಇಳಿಸಿದ್ರೆ ಏನೂ ಲಾಭ ಇಲ್ಲ. ನೆರಳಾ? ನಿಮ್ಮ ಎರಡನೇ ಕಾಫಿ ಬರೋದ್ರೊಳಗೆ ಅದು ಪಕ್ಕದ ಕಾರಿಗೆ ಹೋಗಿರುತ್ತೆ.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ಬೆವರೋದು ಪಾದದ ಅಡಿ ಮಾತ್ರ, ಮಿಕ್ಕಿದ್ದೆಲ್ಲ ಏದುಸಿರಲ್ಲೇ ತಣಿಸ್ಕೋಬೇಕು. ಅದಕ್ಕೇ ಒಬ್ಬರು ಊಟ ಮಾಡಿ, ಇನ್ನೊಬ್ಬರು ಹೊರಗೆ ಜೊತೆ ಇರಿ. ಇಲ್ಲಾಂದ್ರೆ ಪುಳಿಯೋಗರೆ ಕಟ್ಕೊಂಡು ಹೋಗಿ, ಮರದಡಿ ಎಲ್ಲರೂ ಕೂತು ತಿನ್ನಿ. ಸೆಖೆಗೆ ನರಳಿದ ನಾಯಿ ಬಾಗಿಲ ರಬ್ಬರು, ಬೆಲ್ಟು, ಹ್ಯಾಂಡಲ್ ಯಾವುದನ್ನೂ ಬಿಡಲ್ಲ. ಆ ಗೀರು ತೋರಿಸಿ "ಪೋಕರಿ" ಅಂತ ಅದನ್ನ ಬೈತೀರಲ್ಲ, ಬೈಸ್ಕೋಬೇಕಾದ್ದು ಯಾರು?

ಹೋಂಸ್ಟೇ ತಲುಪಿದ್ರಿ, ಮಳೆಗಾಲ ಬೇರೆ. ಒಂದು ಹಳ್ಳ, ಒಂದು ಗದ್ದೆ, ಒಂದು ಸಗಣಿ ಗುಂಡಿ, ಯಾವುದನ್ನೂ ಬಿಡದೆ ದರ್ಶನ ಮುಗಿಸಿತು ನಿಮ್ಮ ಕೂಸು. ವಾಪಸ್ ಹೊರಡೋ ಹೊತ್ತಿಗೆ ಮೈತುಂಬ ಕೆಮ್ಮಣ್ಣಿನ ರಾಡಿ, ಹೊಟ್ಟೆ ಕೆಳಗೆ ಉತ್ತರಾಣಿ ಬೀಜ, ಬೆರಳ ಸಂದೀಲಿ ಇಂಬಳ. (ಇಂಬಳ ಬಿದ್ದುಹೋದ ಮೇಲೂ ರಕ್ತ ಸೋರ್ತಾನೇ ಇರುತ್ತೆ, ಹೆಪ್ಪುಗಟ್ಟದ ಹಾಗೆ ಅದರ ಎಂಜಲು ತಡೆಯುತ್ತೆ. ಸೀಟ್ ಮೇಲೆ ಕೆಂಪು ಕಂಡು ಕಿರುಚಬೇಡಿ.)

ಹತ್ತಿಸೋ ಮುಂಚೆ ಹತ್ತು ನಿಮಿಷ ಕೊಡಿ. ಒಂದು ಬಕೆಟ್ ನೀರಲ್ಲಿ ನಾಲ್ಕೂ ಪಾದ ಅದ್ದಿ, ಹಳೇ ಟವಲ್ಲಲ್ಲಿ ಒತ್ತಿ ಒರೆಸಿ. ಕಿವಿ ಹಿಂದೆ, ಕಂಕುಳಲ್ಲಿ, ಬೆರಳ ನಡುವೆ ಉಣ್ಣಿ ಇದೆಯಾ ಅಂತ ಕೈಯಾಡಿಸಿ. ಇದು ಸೀಟಿನ ಮಾತಲ್ಲ, ನಿಮ್ಮ ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದು ಮಲೆನಾಡಿನ ಉಣ್ಣಿಯಿಂದಲೇ. ಸಿಕ್ಕಿದ್ರೆ ಉಗುರಲ್ಲಿ ಹಿಸುಕಬೇಡಿ, ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೀರಿ.

ಆದ್ರೆ ನೀವು ಮಾಡೋದೇನು? "ಲೇಟಾಯ್ತು, ಹತ್ತಿಸು ಹತ್ತಿಸು!" ಒಳಗೆ ಬಂದ ತಕ್ಷಣ ಅದು ಮೈ ಕೊಡವುತ್ತೆ. ಇಡೀ ರಾಡಿ ರೂಫಿಗೆ, ನಿಮ್ಮ ಕತ್ತಿಗೆ, ಡ್ಯಾಶ್‌ಬೋರ್ಡಿನ ಗಣಪತಿಗೆ. ಯಾವ ಹ್ಯಾಮಕ್ ಕವರೂ ರೂಫಿಗೆ ಬರಲ್ಲ ಸ್ವಾಮಿ.

ಬೆಂಗಳೂರು ಮುಟ್ಟಿ ಎರಡು ದಿನಕ್ಕೆ ಕಾರಲ್ಲಿ ಒಂದು ಘಮ. ನೀವು ಲ್ಯಾವೆಂಡರ್ ಡಬ್ಬಿ ತಂದು ಎಸಿ ಮುಂದೆ ಅಂಟಿಸ್ತೀರಿ. ಈಗ ಕಾರಿಗೆ ಎರಡು ವಾಸನೆ. ಸೀಟು ಪೂರ್ತಿ ಒಣಗಿಸಿ, ಅಡಿಗೆ ಸೋಡ ಉದುರಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಉಚ್ಚೆ ಕಲೆ ಆಗಿದ್ರೆ ಎಂಜೈಮ್ ಕ್ಲೀನರೇ ಬೇಕು, ಯೂರಿಕ್ ಆಮ್ಲ ನೀರಿಗೆ ಬಗ್ಗಲ್ಲ. ಅಮೋನಿಯಾ ಇರೋ ಕ್ಲೀನರ್ ಹಾಕಿದ್ರಂತೂ ಅದಕ್ಕೆ ಉಚ್ಚೆಯದೇ ವಾಸನೆ ಬಂದು, "ಓಹೋ, ಜಾಗ ಇದೇನಾ" ಅಂತ ಮತ್ತೆ ಅಲ್ಲೇ ಕಾಲೆತ್ತುತ್ತೆ.

ಒಟ್ಟು ಲೆಕ್ಕ ಹಾಕಿ ನೋಡಿ. ವಾಂತಿ ಆಗಿದ್ದು ಮೊಸರನ್ನದಿಂದ, ಹಾಕಿದ್ದು ನೀವು. ಗೀರು ಬಿದ್ದಿದ್ದು ಉಗುರಿಂದ, ಕತ್ತರಿಸದೆ ಬಿಟ್ಟಿದ್ದು ನೀವು. ರಾಡಿ ಬಂದಿದ್ದು ಹೋಂಸ್ಟೇಯಿಂದ, ಒರೆಸದೆ ಹತ್ತಿಸಿದ್ದು ನೀವು. ನಾಯಿ ಬರೀ ಮಲಗಿತ್ತು ಕಣ್ರೀ! ಕಾರಿನ ಒಳಗನ್ನ ಹಾಳು ಮಾಡೋದರಲ್ಲಿ ಅದರ ಪಾಲು ಕೂದಲು ಮತ್ತು ಜೊಲ್ಲು ಮಾತ್ರ, ಎರಡೂ ಒರೆಸಿದ್ರೆ ಹೋಗುತ್ತೆ.

ಆದ್ದರಿಂದ ಮುಂದಿನ ವೀಕೆಂಡಿಗೆ ಮುಂಚೆ ಒಂದು ಉಪಕಾರ ಮಾಡಿ. ಕವರಿಗಿಂತ ಮೊದಲು ಹಾರ್ನೆಸ್ ತನ್ನಿ. ಅಂಗಡಿಗೆ ನಾಯಿಯನ್ನೂ ಕರ್ಕೊಂಡು ಹೋಗಿ, ಎದೆ ಸುತ್ತಳತೆ ಹಿಡಿದು ಕೊಳ್ಳಿ. ಹಾಗೇ ಬರೋ ದಾರೀಲಿ ಆ ಖಾಲಿ ಕೊಂಡಿ ಕಿತ್ತು ಬಿಸಾಕಿ, ನೀವೂ ಬೆಲ್ಟ್ ಹಾಕ್ಕೊಳ್ಳಿ.